ಹಿಂದಿನ ಸೀಟು

“ಡ್ರೈವರ್ ಅಂತ ಹೇಳಿದ್ದು ನೀವು. ದುಡ್ಡು ಕೊಟ್ಟಿದ್ದೇವೆ ಅಂತ ಹೇಳಿದ್ದೂ ನೀವು. ನಾಳೆ ಅದೇ ಬಾಯಲ್ಲಿ ಅದು ಸುಳ್ಳು ಅಂತ ಹೇಳ್ಬೇಕಾದ್ದೂ ನೀವೇ,” ಎಂದೆ.

“ಡ್ರೈವರನ್ನು ಡ್ರೈವರ್ ಅನ್ನದೆ ಮತ್ತೆಂತ ಪೈಲಟ್ ಅಂತ ಹೇಳ್ಬೇಕಿತ್ತಾ?” ಎಂದಳು ವೆಲಿಟಾ.

ನನ್ನ ಮಂಚದ ಮೇಲೆ ಕುಳಿತು, ನನ್ನ ಹೆಂಡತಿ ಮಾಡಿಕೊಟ್ಟ ಚಹಾ ಕುಡಿಯುತ್ತ ಹೇಳಿದ ಮಾತು ಅದು. ನನ್ನ ಕೈಯಲ್ಲಿದ್ದ ಲೋಟವನ್ನು ಗೋಡೆಗೆ ಎಸೆಯಬೇಕು ಅನಿಸಿತು. ಆದರೆ ನಮ್ಮದು ಪ್ಲೈವುಡ್ಡಿನ ಗೋಡೆ, ಅದರ ಆಚೆ ಇನ್ನೊಂದು ಸಂಸಾರ ಮಲಗುತ್ತದೆ. ಲೋಟ ಕೆಳಗಿಟ್ಟೆ.

ವೆಲಿಟಾ ನನ್ನ ಹೆಂಡತಿ ಡೊರೊತಿಯ ಅತ್ತಿಗೆ. ಡೊರೊತಿಯ ಅಣ್ಣ ಬೆನೆಡಿಕ್ಟ್ ಊರಿನ ಸೊಸೈಟಿಯಲ್ಲಿ ಕ್ಲಾರ್ಕು. ಇವಳು ಹೈಸ್ಕೂಲ್ ಟೀಚರು, ಇಗರ್ಜಿಯ ಸ್ತ್ರೀ ಸಂಘಟನೆಯ ಅಧ್ಯಕ್ಷೆ ಬೇರೆ. ಗಂಡ ಹೆಂಡತಿ ಇಬ್ಬರೂ ವಿಸಿಟ್ ವೀಸಾದಲ್ಲಿ ದುಬೈ ನೋಡಲು ಬಂದು ಸತ್ವಾದ ನಮ್ಮ ಕೋಣೆಯಲ್ಲಿ ಇಳಿದಿದ್ದರು. ಹಳೆಯ ವಿಲ್ಲಾ ಒಂದನ್ನು ಪಾಲು ಮಾಡಿ ಕೋಣೆಗೊಂದು ಸಂಸಾರ ಇಟ್ಟ ಮನೆ ನಮ್ಮದು. ಮಂಚ ಅವರಿಗೆ ಬಿಟ್ಟುಕೊಟ್ಟು ಡೊರೊತಿ ಮತ್ತು ಮಗಳು ಡಿಂಪಲ್ ನೆಲದಲ್ಲಿ ಮಲಗುತ್ತಿದ್ದರು. ನಾನು ಹೊರಗೆ ಓಣಿಯಲ್ಲಿ ಎಲ್ಲರ ಚಪ್ಪಲಿಗಳ ನಡುವೆ.

ನಾನು ಶಾಲೆಯ ಬಸ್ಸು ಓಡಿಸುವವನು. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಮುಚ್ಚಿಟ್ಟವಳು ವೆಲಿಟಾ. ಊರಿನಲ್ಲಿ ಅವಳು ನನ್ನನ್ನು ‘ದುಬೈಯಲ್ಲಿ ಟ್ರಾನ್ಸ್‌ಪೋರ್ಟ್ ಆಫೀಸರ್’ ಮಾಡಿಟ್ಟಿದ್ದಾಳೆ. ನಾದಿನಿಯ ಗಂಡ ಬಸ್ಸು ಓಡಿಸುತ್ತಾನೆ ಎಂದರೆ ಸ್ತ್ರೀ ಸಂಘಟನೆಯಲ್ಲಿ ಅವಳ ತೂಕ ಇಳಿಯುತ್ತದೆಯಂತೆ. ಊರಿನಲ್ಲಿ ಆಫೀಸರ್ ಆದ ನಾನು ಅಬುಧಾಬಿಗೆ ಮುಟ್ಟುವಾಗ ಅವಳ ಬಾಡಿಗೆ ಡ್ರೈವರ್ ಆದದ್ದು ಹೇಗೆ ಎಂದು ಹೇಳುತ್ತೇನೆ.

ಊರಿನಿಂದ ಯಾರೇ ಬರಲಿ, ಗಲ್ಫಿನಲ್ಲಿರುವವನು ಅವರಿಗೆ ದುಬೈ ತೋರಿಸಬೇಕು. ಇದು ನಮ್ಮವರಲ್ಲಿ ಎಲ್ಲೂ ಬರೆದಿಡದ ಕಾನೂನು. ಅವನಿಗೆ ಪುರುಸೊತ್ತು ಇದೆಯಾ, ಬೆನ್ನು ನೋವು ಇದೆಯಾ ಎಂದು ಯಾರೂ ಕೇಳುವುದಿಲ್ಲ. ತೋರಿಸದಿದ್ದರೆ ಭಾನುವಾರದ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಅವನ ಮಾನ ಹರಾಜು. ಶಾಲೆಗೆ ಡಿಸೆಂಬರ್ ರಜೆ ಇತ್ತು. ಡೊರೊತಿಗೆ ಕ್ಲಿನಿಕ್‌ನಲ್ಲಿ ಡ್ಯೂಟಿ, ಡಿಂಪಲ್‌ಗೆ ಹನ್ನೆರಡನೇ ಕ್ಲಾಸಿನ ಓದು. ಹಾಗಾಗಿ ತೋರಿಸುವ ಕೆಲಸ ನನ್ನ ತಲೆಗೆ ಬಂತು.

ದುಬೈಯೊಳಗೆ ಬಸ್ಸು, ಮೆಟ್ರೋಗಳಲ್ಲೇ ತಿರುಗಿಸಿದೆ. ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಮೆಟ್ರೋದಲ್ಲಿ ವೆಲಿಟಾಳನ್ನು ಹೆಂಗಸರ ಡಬ್ಬಿಗೆ ಹತ್ತಿಸಿದರೆ ತನ್ನ ಫೋಟೊ ತೆಗೆಯಲು ಗಂಡ ಹತ್ತಿರವಿಲ್ಲ ಎಂದು ಸಿಟ್ಟು. ನಮ್ಮ ಜೊತೆ ನಿಲ್ಲಿಸಿದರೆ ಬೆವರಿನ ವಾಸನೆ ಎಂದು ಸಿಟ್ಟು. ದುಬೈ ಮಾಲಿಗೆ ಸ್ಟೇಷನ್ನಿನಿಂದ ಹೋಗುವ ಗಾಜಿನ ಓಣಿ ಉದ್ದ ಇದೆ, ಅದನ್ನು ಕಟ್ಟಿಸಿದವನು ನಾನಲ್ಲ. ಅರ್ಧ ದಾರಿಯಲ್ಲಿ ನಿಂತು, ವೇಳಾಂಕಣಿಗೆ ನಡೆದುಕೊಂಡು ಹೋಗುವವರೂ ಇಷ್ಟು ನಡೆಯಲಿಕ್ಕಿಲ್ಲ ಎಂದಳು. ಕ್ರೀಕಿನಲ್ಲಿ ಅಬ್ರಾ ದೋಣಿ ಹತ್ತಿಸಿದೆ; ದುಬೈ ಎಂದರೆ ಇಂಥ ದೋಣಿಯಾ, ಊರಿನ ಕಡವಿನ ದೋಣಿ ಇದಕ್ಕಿಂತ ಚೆನ್ನಾಗಿದೆ ಎಂದಳು. ದುಬೈ ಫ್ರೇಮ್ ಎಂಬ ಎತ್ತರದ ಕಟ್ಟಡದ ಮೇಲಿನ ಗಾಜಿನ ನೆಲದಲ್ಲಿ ನಿಂತು ಕೆಳಗೆ ನೋಡಿದವಳು, ನಮ್ಮ ಸತ್ವಾದ ತಗ್ಗು ಮನೆಗಳನ್ನು ಬೆರಳಿಟ್ಟು ತೋರಿಸಿ, ಆ ಕಸದ ರಾಶಿಯಂಥದ್ದು ಎಂತದು ಎಂದು ಕೇಳಿದಳು. ನಿಮ್ಮ ಮಂಚ ಅದರೊಳಗೇ ಇದೆ ಎಂದೆ.

ಬೆನೆಡಿಕ್ಟ್ ಎಲ್ಲದಕ್ಕೂ ನಗುತ್ತಿದ್ದ. ಅವನಿಗೆ ಬರುವುದು ಅದೊಂದೇ. ಹೆಂಡತಿ ಬೈದರೂ ನಗು, ನಾನು ಬೈದರೂ ನಗು.

ಆಮೇಲೆ ಅಬುಧಾಬಿಯ ದೊಡ್ಡ ಮಸೀದಿ ನೋಡಬೇಕು ಎಂದರು. ಅಲ್ಲಿಗೆ ನನ್ನ ಹಳೆಯ ಸನ್ನಿ ಕಾರು ತೆಗೆದೆ. ಡೊರೊತಿಯನ್ನು ಡ್ಯೂಟಿಗೆ ಬಿಡಲು ಇಟ್ಟುಕೊಂಡ ಕಾರು ಅದು. ಹೊರಡುವಾಗ ಬೆನೆಡಿಕ್ಟ್ ನನ್ನ ಪಕ್ಕದಲ್ಲೇ ಕುಳಿತಿದ್ದ. ಮಸೀದಿ ನೋಡಿ, ಕಡಲ ಬದಿಯ ಕಾರ್ನಿಶ್ ನೋಡಿ, ಖಾಲಿದಿಯಾದಲ್ಲಿರುವ ವೆಲಿಟಾಳ ಕಾಲೇಜು ಗೆಳತಿಯ ಮನೆಗೆ ಹೊರಟೆವು. ಆ ಗೆಳತಿಯ ಗಂಡ ಇಂಜಿನಿಯರು. ದಾರಿಯಲ್ಲಿ ವೆಲಿಟಾ ಗಂಡನನ್ನು ಹಿಂದಿನ ಸೀಟಿಗೆ ಕರೆಸಿಕೊಂಡಳು. ಇಬ್ಬರೂ ಒಟ್ಟಿಗೆ ಇರುವ ವೀಡಿಯೊ ಬೇಕಂತೆ. ವೀಡಿಯೊ ಆಯಿತು, ವಾಟ್ಸಾಪಿಗೆ ಹಾಕಿಯೂ ಆಯಿತು, ಆದರೆ ಬೆನೆಡಿಕ್ಟ್ ಮುಂದೆ ಬರಲಿಲ್ಲ. ಬರುತ್ತೀಯಾ ಎಂದು ನಾನೂ ಕೇಳಲಿಲ್ಲ.

ಗೆಳತಿಯ ಕಟ್ಟಡದ ಕೆಳಗೆ ಇಳಿದವರು, ಈಗ ಬರುತ್ತೇವೆ ಎಂದು ಹೇಳಿ ಮೇಲೆ ಹೋದರು. ನನ್ನನ್ನು ಕರೆಯಲಿಲ್ಲ. ತುಂಬ ಹೊತ್ತಿನ ಮೇಲೆ ವಾಚ್‌ಮನ್ ಒಂದು ಪೊಟ್ಟಣ ತಂದು ಕಿಟಕಿಯಲ್ಲಿ ಕೊಟ್ಟ. ಬಿರಿಯಾನಿ. ‘ಡ್ರೈವರಿಗೆ ಕೊಡು ಅಂದರು ಮೇಡಂ’ ಎಂದ. ಪೊಟ್ಟಣ ಅವನಿಗೇ ಕೊಟ್ಟು ತಿನ್ನು ಎಂದೆ. ಆಗ ನನಗೆ ತಿಳಿಯಿತು, ಮೇಲೆ ಏನು ಹೇಳಿದ್ದಾಳೆ ಎಂದು. ಗೆಳತಿಯ ಎದುರು ವೆಲಿಟಾ ಕಾರು, ಡ್ರೈವರ್ ಇಟ್ಟುಕೊಂಡು ಗಲ್ಫ್ ನೋಡಲು ಬಂದವಳಾಗಿದ್ದಳು.

ಕೆಳಗಿಳಿದು ಬಂದಾಗ ಗೆಳತಿ ಬಾಗಿಲವರೆಗೆ ಬಂದಿದ್ದಳು. ಇವರಿಬ್ಬರೂ ಹಿಂದೆ ಕುಳಿತರು. ನಾನು ಗೇರ್ ಹಾಕುವಷ್ಟರಲ್ಲಿ ಒಬ್ಬ ಇನ್‌ಸ್ಪೆಕ್ಟರ್ ಕಿಟಕಿ ತಟ್ಟಿದ. ಇಲ್ಲಿ ಎಷ್ಟೋ ಜನ ಸ್ವಂತ ಕಾರಿನಲ್ಲಿ ಬಾಡಿಗೆಗೆ ಜನ ಸಾಗಿಸುತ್ತಾರೆ. ಲೈಸೆನ್ಸ್ ಇಲ್ಲದೆ ಹಾಗೆ ಮಾಡುವುದು ಅಪರಾಧ. ಸಿಕ್ಕಿಬಿದ್ದರೆ ದಂಡ, ಗಾಡಿ ಜಪ್ತಿ. ಮುಂದಿನ ಸೀಟು ಖಾಲಿ, ಹಿಂದೆ ಇಬ್ಬರು, ಕೊರಳಲ್ಲಿ ಕ್ಯಾಮೆರಾ. ಕಳ್ಳ ಟ್ಯಾಕ್ಸಿ ಹುಡುಕುವವನಿಗೆ ಇನ್ನೇನು ಬೇಕು. ಅವನ ತಪ್ಪು ಏನಿಲ್ಲ. ನನ್ನ ಲೈಸೆನ್ಸು, ಗಾಡಿಯ ನೋಂದಣಿಯ ಮುಲ್ಕಿಯಾ ಕಾರ್ಡು ತೆಗೆದುಕೊಂಡ. ಆಮೇಲೆ ಹಿಂದಿನ ಕಿಟಕಿಗೆ ಹೋಗಿ, ಇವನು ನಿಮಗೆ ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದ.

ಗೆಳತಿ ಅಲ್ಲೇ ನಿಂತು ನೋಡುತ್ತಿದ್ದಳು.

“ಅವರ್ ಡ್ರೈವರ್,” ಎಂದಳು ವೆಲಿಟಾ.

ದುಡ್ಡು ಕೊಡುತ್ತೀರಾ ಎಂದು ಕೇಳಿದ. ಕೊಡದೆ? ನಾವು ಯಾರದ್ದೂ ಪುಕ್ಕಟೆ ತೆಗೆದುಕೊಳ್ಳುವವರಲ್ಲ ಎಂದಳು, ಗೆಳತಿಗೂ ಕೇಳುವ ಹಾಗೆ. ಇನ್‌ಸ್ಪೆಕ್ಟರ್ ಬೆನೆಡಿಕ್ಟನ ಮುಖ ನೋಡಿದ. ಬೆನೆಡಿಕ್ಟ್ ಹೌದು ಎಂಬ ಹಾಗೆ ತಲೆ ಅಲ್ಲಾಡಿಸಿ ನಕ್ಕ. ನಾನು ಇಳಿದು, ಇವರು ನನ್ನ ಹೆಂಡತಿಯ ಅಣ್ಣ ಮತ್ತು ಅತ್ತಿಗೆ ಎಂದು ಎಷ್ಟು ಬಡಿದುಕೊಂಡರೂ ಆಗಲಿಲ್ಲ. ಸಿಕ್ಕಿಬಿದ್ದವರೆಲ್ಲ ಹಾಗೇ ಹೇಳುತ್ತಾರೆ ಎಂದ. ರಿಕವರಿ ಗಾಡಿ ಬಂದು ನನ್ನ ಕಾರನ್ನು ಎತ್ತಿಕೊಂಡು ಹೋಯಿತು. ನಾವು ದುಬೈ ಬಸ್ಸು ಹತ್ತಿದೆವು. ಬಸ್ಸಿನ ಎ.ಸಿ. ಸಾಕಾಗುವುದಿಲ್ಲ ಎಂದು ವೆಲಿಟಾ ದಾರಿಯುದ್ದಕ್ಕೂ ಕರವಸ್ತ್ರದಿಂದ ಗಾಳಿ ಹಾಕಿಕೊಂಡಳು.

ಕಾರು ಹೋದರೆ ಹೋಗಲಿ. ಅದಕ್ಕಾಗಿ ನಾನು ಹೀಗೆ ಕೂಗುವವನಲ್ಲ. ನಮ್ಮ ಬಸ್ ಕಂಪನಿಯ ಸೂಪರ್‌ವೈಸರ್ ಸುಶಾಂತ್ ವಿಷಯ ಕೇಳಿ ತಲೆ ಹಿಡಿದುಕೊಂಡ. ಇಂಥ ಕೇಸು ಹೆಸರಿನಲ್ಲಿದ್ದರೆ ಶಾಲಾ ಬಸ್ಸಿನ ಪರ್ಮಿಟ್ ರಿನೀವಲ್‌ಗೆ ಕಂಪನಿ ಕಳುಹಿಸುವುದಿಲ್ಲ ಎಂದ. ಪರ್ಮಿಟ್ ಇಲ್ಲದಿದ್ದರೆ ಕೆಲಸ ಇಲ್ಲ, ಕೆಲಸ ಇಲ್ಲದಿದ್ದರೆ ವೀಸಾ ಇಲ್ಲ. ನನ್ನ ವೀಸಾದ ಮೇಲೆಯೇ ಡಿಂಪಲ್‌ಳ ವೀಸಾ ಇದೆ. ಬೋರ್ಡ್ ಪರೀಕ್ಷೆ ಎದುರಿಗೆ ಇರುವಾಗ ಅವಳನ್ನು ಎಳೆದುಕೊಂಡು ಊರಿಗೆ ಹೋಗಬೇಕು. ಸುಶಾಂತನೇ ಕೇಸು ಹಾಕಿದ ಅಬುಧಾಬಿಯ ಕಚೇರಿಗೆ ಫೋನ್ ಮಾಡಿ ವಿಚಾರಿಸಿದ. ಸಂಬಂಧ ತೋರಿಸಲು ಪಾಸ್‌ಪೋರ್ಟ್ ಸಾಕು, ಆದರೆ ಸಂಬಂಧಿಕರಿಂದ ದುಡ್ಡು ತೆಗೆದುಕೊಂಡರೂ ತಪ್ಪು ತಪ್ಪೇ. ದುಡ್ಡು ಕೊಟ್ಟೆವು ಎಂದವರೇ ಬಂದು ಕೊಟ್ಟಿಲ್ಲ ಎಂದು ಹೇಳಬೇಕು, ಇಬ್ಬರಲ್ಲಿ ಒಬ್ಬರು ಹೇಳಿದರೂ ನಡೆಯುತ್ತದೆ ಎಂದರಂತೆ.

ಇವರ ವಿಮಾನ ನಾಳೆ ರಾತ್ರಿಗೆ. ಉಳಿದದ್ದು ನಾಳೆಯ ಹಗಲು ಮಾತ್ರ. ಅದಕ್ಕೇ ಈ ಜಗಳ.

“ನಾಳೆ ನಮಗೆ ಮಿರಾಕಲ್ ಗಾರ್ಡನ್ನಿನ ಹೂ ನೋಡ್ಲಿಕ್ಕೆ ಉಂಟು,” ಎಂದಳು ವೆಲಿಟಾ. “ಟೀಚರ್ಸ್ ಗ್ರೂಪಲ್ಲಿ ಎಲ್ಲರೂ ಕೇಳ್ತಾ ಇದ್ದಾರೆ.”

ನನ್ನ ಬಾಯಿಂದ ಬಂದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಪ್ಲೈವುಡ್ಡಿನ ಆಚೆಯ ಟಿ.ವಿ. ಸದ್ದು ನಿಂತಿತು. ವೆಲಿಟಾ ಹೆದರಲಿಲ್ಲ. ಹೇಳಿದ್ದು ಸುಳ್ಳು ಎಂದರೆ ಸುಳ್ಳು ಹೇಳಿದ್ದಕ್ಕೆ ಬೇರೆ ಕೇಸು ಹಾಕುತ್ತಾರೆ, ವಿಮಾನ ಹತ್ತಲು ಬಿಡುವುದಿಲ್ಲ, ಹಾಗೆಂದು ಖಾಲಿದಿಯಾದ ಗೆಳತಿ ಫೋನಿನಲ್ಲಿ ಎಚ್ಚರಿಸಿದ್ದಾಳೆ ಎಂದಳು. ಗೆಳತಿಗೆ ನಿಜ ಹೇಳಿದ್ದೀರಾ ಎಂದೆ. ಅದು ನಿಮಗೆ ಬೇಡದ ವಿಷಯ ಎಂದಳು. ಡಿಂಪಲ್ ಪುಸ್ತಕ ಮುಚ್ಚಿ, “ಆಂಟಿ, ಇಟ್ಸ್ ಜಸ್ಟ್ ಒನ್ ಸೆಂಟೆನ್ಸ್,” ಎಂದಳು. ದೊಡ್ಡವರು ಮಾತಾಡುವಾಗ ಬಾಯಿ ಹಾಕುವುದನ್ನು ಇಲ್ಲಿಯ ಶಾಲೆಯಲ್ಲಿ ಕಲಿಸುತ್ತಾರಾ ಎಂದು ವೆಲಿಟಾ ಡೊರೊತಿಯನ್ನು ಕೇಳಿದಳು.

ಡೊರೊತಿ ಚಹಾದ ಪಾತ್ರೆ ಕೆಳಗಿಟ್ಟಳು. ಡ್ಯೂಟಿಯ ಬಟ್ಟೆಯನ್ನೂ ಬದಲಾಯಿಸಿರಲಿಲ್ಲ. ಅತ್ತಿಗೆಯನ್ನು ಬಿಟ್ಟು ಅಣ್ಣನ ಎದುರಿಗೆ ಹೋಗಿ ನಿಂತಳು.

“ಬೆನ್ನಿ, ಇವರು ನಿನಗೆ ಯಾರು?”

“ಎಂತ ಕೇಳ್ತಿ ನೀನು…”

“ಯಾರು ಅಂತ ಹೇಳು.”

“ಬಾವ,” ಎಂದ ಬೆನೆಡಿಕ್ಟ್.

“ದುಡ್ಡು ಕೊಟ್ಟಿದ್ದೀಯಾ?”

“ಇಲ್ಲ.”

“ಈಗ ಹೇಳಿದ್ದನ್ನೇ ನಾಳೆ ಅಲ್ಲಿ ಹೇಳಿ ಬಾ. ಹೆಚ್ಚಿಗೆ ಒಂದು ಅಕ್ಷರ ಬೇಡ.”

ಆಯಿತು, ಬರುತ್ತೇನೆ ಎಂದ. ನಾನು ಅವನನ್ನು ನಂಬಿದೆ. ನಗದೆ ಹೇಳಿದ್ದನಲ್ಲ, ಅದಕ್ಕೆ.

ಬೆಳಿಗ್ಗೆ ನೋಡಿದರೆ ವೆಲಿಟಾಳೂ ಹೊರಟು ನಿಂತಿದ್ದಳು. ಹೂವಿನ ಚಿತ್ರದ ಉದ್ದ ಗೌನು, ಕಪ್ಪು ಕನ್ನಡಕ, ಸೆಲ್ಫಿ ಕೋಲು. ಗಂಡನನ್ನು ಒಬ್ಬನೇ ಬಿಟ್ಟರೆ ಎಲ್ಲಿ ಯಾವುದಕ್ಕೆ ಸಹಿ ಹಾಕುತ್ತಾನೋ ಎಂಬ ಹೆದರಿಕೆ ಅವಳಿಗೆ. ಕೆಲಸ ಮುಗಿದ ತಕ್ಷಣ ಅಲ್ಲಿಂದಲೇ ಮಿರಾಕಲ್ ಗಾರ್ಡನ್ನಿಗೆ ಕರೆದುಕೊಂಡು ಹೋಗಬೇಕು ಎಂದಳು. ಹೂಂ ಎಂದೆ. ಕಸಾಯಿಖಾನೆಗೆ ಕರೆದುಕೊಂಡು ಹೋಗು ಎಂದಿದ್ದರೂ ಆಗ ಹೂಂ ಎನ್ನುತ್ತಿದ್ದೆ.

ಗುಬೈಬಾ ಬಸ್ ಸ್ಟೇಷನ್ನಿನಲ್ಲಿ ಅಬುಧಾಬಿಯ ಸಾಲು ಉದ್ದವಿತ್ತು. ಹೆಂಗಸರನ್ನು ಮುಂಚೆ ಹತ್ತಿಸುತ್ತಾರೆ. ವೆಲಿಟಾ ಹತ್ತಿ ಮುಂದಿನ ಸೀಟು ಹಿಡಿದು, ಪಕ್ಕದ ಸೀಟಿಗೆ ಬ್ಯಾಗು ಇಟ್ಟು, ನಾವು ಹತ್ತಿದ ಮೇಲೆ ಗಂಡನನ್ನು ಅಲ್ಲಿಗೆ ಕರೆದಳು. ನಾನು ಹಿಂದೆ ಹೋಗಿ ಕುಳಿತೆ. ಜೆಬೆಲ್ ಅಲಿ ದಾಟುವಾಗ ಅವಳು ಯಾರಿಗೋ ಫೋನಿನಲ್ಲಿ ದೊಡ್ಡದಾಗಿ ಹೇಳುತ್ತಿದ್ದಳು: ಕಾರಿನಲ್ಲಿ ತಿರುಗಿ ತಿರುಗಿ ಸಾಕಾಯಿತು, ಒಂದು ದಿನ ಬಸ್ಸಿನ ಅನುಭವವೂ ಆಗಲಿ ಎಂದು ಹೊರಟಿದ್ದೇವೆ. ನನ್ನ ಪಕ್ಕದಲ್ಲಿದ್ದ ಪಠಾಣ ನಿದ್ದೆ ಹೋಗಿದ್ದ. ನನಗೆ ನಿದ್ದೆ ಬರಲಿಲ್ಲ. ಎರಡೂ ಬದಿಯಲ್ಲಿ ಮರಳು, ತಂತಿ ಬೇಲಿ, ಮತ್ತೆ ಮರಳು. ಬೆನೆಡಿಕ್ಟನ ತಲೆಯ ಹಿಂಭಾಗವನ್ನೇ ನೋಡುತ್ತ ಕುಳಿತೆ. ವೆಲಿಟಾ ಅವನ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದಳು. ಆ ತಲೆ ಆಗಾಗ ಅಲ್ಲಾಡುತ್ತಿತ್ತು.

ಅಬುಧಾಬಿಯಲ್ಲಿ ಇಳಿದು ಟ್ಯಾಕ್ಸಿ ಹಿಡಿದೆವು. ನಾನು ಮುಂದೆ ಕುಳಿತೆ, ಅವರು ಹಿಂದೆ.

ಕಚೇರಿಯಲ್ಲಿ ಹೆಚ್ಚು ಕಾಯಬೇಕಾಗಲಿಲ್ಲ. ಬಿಳಿ ಕಂದೂರ ನಿಲುವಂಗಿ ತೊಟ್ಟ ಒಬ್ಬ ಹುಡುಗ ಪ್ರಾಯದ ಅಧಿಕಾರಿ ನಮ್ಮನ್ನು ಮೇಜಿನ ಎದುರು ಕೂರಿಸಿದ. ಒಳ್ಳೆಯ ಹಿಂದಿ, ಒಳ್ಳೆಯ ಇಂಗ್ಲಿಷ್. ನಾನು ಡೊರೊತಿಯ ಪಾಸ್‌ಪೋರ್ಟ್ ಕೊಟ್ಟೆ. ಬೆನೆಡಿಕ್ಟನ ಪಾಸ್‌ಪೋರ್ಟಿನ ಜೊತೆ ಇಟ್ಟು, ಅಪ್ಪನ ಹೆಸರು ನೋಡಿ ತಲೆ ಆಡಿಸಿದ. ಸಂಬಂಧ ಸರಿ ಇದೆ, ಇನ್ನು ದುಡ್ಡಿನ ಮಾತು ಒಂದು ಎಂದ. ಹೆದರಬೇಡಿ, ಗಾಬರಿಯಲ್ಲಿ ಜನ ಏನೋ ಹೇಳುತ್ತಾರೆ, ತಿದ್ದಿಕೊಂಡವರ ಮೇಲೆ ಕೇಸು ಹಾಕುವುದಿಲ್ಲ ಎಂದೂ ಹೇಳಿದ. ಎದ್ದು ಅವನ ಕೈ ಹಿಡಿದುಕೊಳ್ಳಬೇಕು ಅನಿಸಿತು. ಇನ್ನು ವೆಲಿಟಾಳಿಗೆ ಯಾವ ನೆಪವೂ ಇರಲಿಲ್ಲ.

ಅವನು ಅವಳ ಕಡೆ ತಿರುಗಿ, ಇವರಿಗೆ ಏನಾದರೂ ಕೊಟ್ಟಿದ್ದೀರಾ ಎಂದು ಕೇಳಿದ.

ವೆಲಿಟಾ ಕಪ್ಪು ಕನ್ನಡಕ ತೆಗೆದು ಬ್ಯಾಗಿನಲ್ಲಿಟ್ಟಳು. ಕ್ಲಾಸಿನಲ್ಲಿ ನಿಂತವಳ ಹಾಗೆ ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಶುರು ಮಾಡಿದಳು. ನಾವು ಪುಕ್ಕಟೆ ಬಂದವರಲ್ಲ ಸರ್. ಕುಚ್ಚಲಕ್ಕಿ ತಂದಿದ್ದೇವೆ. ನಮ್ಮ ಮನೆಯಲ್ಲೇ ಹುರಿದು ಪುಡಿ ಮಾಡಿದ ಬಫಾತ್ ಮಸಾಲೆ ತಂದಿದ್ದೇವೆ. ಒಣ ಸಿಗಡಿ, ಹಲಸಿನ ಹಪ್ಪಳ, ಇವರ ಮಗಳಿಗೆ ಚಿನ್ನದ ಓಲೆ. ವಿಮಾನದಲ್ಲಿ ಲಗೇಜು ಜಾಸ್ತಿಯಾಗಿ ಅದಕ್ಕೂ ಕಟ್ಟಿದ್ದೇವೆ. ಇವರು ತಿರುಗಿಸಿದ್ದಕ್ಕೆ ಸರಿಯಾಗಿ ನಾವೂ ಕೊಟ್ಟಿದ್ದೇವೆ. ಮತ್ತೆ ಕೊಟ್ಟಿಲ್ಲ ಅಂತ ನಾನು ಯಾಕೆ ಹೇಳಬೇಕು?

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದ. ಅವನ ತುಟಿಯ ಮೂಲೆಯಲ್ಲಿ ನಗು ಬಂದು ಹೋಯಿತು. ಅದೆಲ್ಲ ಉಡುಗೊರೆ ಸಿಸ್ಟರ್, ನಮ್ಮಲ್ಲೂ ಉಂಟು, ಅದು ಬಾಡಿಗೆ ಅಲ್ಲ ಎಂದ. ಉಡುಗೊರೆ ಎಂದು ಒಂದು ಮಾತು ಹೇಳಿ, ಖಲಾಸ್ ಎಂದ. ವೆಲಿಟಾ ಹೇಳಲಿಲ್ಲ. ಉಡುಗೊರೆ ಎಂದರೆ ತಿರುಗಾಟ ಧರ್ಮಕ್ಕೆ ಆದ ಹಾಗೆ ಎಂದಳು. ನಾಳೆ ಊರಿಗೆ ಹೋದ ಮೇಲೆ ಇವರು ಎಲ್ಲರೆದುರು, ನನ್ನ ಖರ್ಚಿನಲ್ಲಿ ದುಬೈ ನೋಡಿ ಹೋದರು ಎಂದು ಹೇಳಿಕೊಂಡು ತಿರುಗುವುದಿಲ್ಲ ಎಂದು ಯಾರು ಹೇಳಿದರು? ನಾನು ಆವತ್ತು ಹೇಳಿದ್ದೇ ಸರಿ. ಇವರು ತೆಗೆದುಕೊಂಡಿದ್ದಾರೆ ಎಂದಳು.

“ನಿನ್ನ ಕಾಲು ಹಿಡೀಬೇಕಾ ನಾನು?” ಎಂದೆ. ನೀವು ಎನ್ನುವುದು ಅಲ್ಲಿಗೆ ಮುಗಿದಿತ್ತು.

“ನೋಡಿ ಸರ್, ಹೀಗೇ ಮಾತಾಡುವುದು,” ಎಂದಳು ಅಧಿಕಾರಿಗೆ.

ಅಧಿಕಾರಿ ನನಗೆ ಸುಮ್ಮನಿರಲು ಕೈ ತೋರಿಸಿ, ಬೆನೆಡಿಕ್ಟನ ಕಡೆ ತಿರುಗಿದ. ನೀವೂ ಗಾಡಿಯಲ್ಲಿದ್ದಿರಿ, ನೀವು ಹೇಳಿದರೂ ಸಾಕು. ಇಲ್ಲದಿದ್ದರೆ ಮೊದಲು ಬರೆದದ್ದೇ ಉಳಿಯುತ್ತದೆ, ನನ್ನ ಕೈಯಲ್ಲಿ ಏನೂ ಇಲ್ಲ ಎಂದ. ಆಮೇಲೆ ನಿಧಾನವಾಗಿ, ಹಿಂದಿಯಲ್ಲಿ, ಚಿಕ್ಕ ಮಕ್ಕಳನ್ನು ಕೇಳುವ ಹಾಗೆ ಕೇಳಿದ: ಈ ಮನುಷ್ಯ ನಿಮ್ಮಿಂದ ಬಾಡಿಗೆ ತೆಗೆದುಕೊಂಡನಾ?

ಬೆನೆಡಿಕ್ಟ್ ನನ್ನ ಮುಖ ನೋಡಿದ. ಹಿಂದಿನ ದಿನ ಹೆಚ್ಚಿಗೆ ಒಂದು ಅಕ್ಷರ ಬೇಡ ಎಂದಿದ್ದಳು ಅವನ ತಂಗಿ. ಬೇಕಾದದ್ದು ‘ಇಲ್ಲ’ ಎಂಬ ಎರಡು ಅಕ್ಷರ. ಅವನು ಹೆಂಡತಿಯ ಮುಖ ನೋಡಿದ. ವೆಲಿಟಾ ಬ್ಯಾಗಿನ ಜಿಪ್ ಎಳೆಯುತ್ತಿದ್ದಳು, ಇವನ ಕಡೆ ನೋಡಲೂ ಇಲ್ಲ. ಅವನು ಏನು ಹೇಳುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

“ಮೇಡಂಗೆ ಗೊತ್ತು,” ಎಂದ ಬೆನೆಡಿಕ್ಟ್, ನಗುತ್ತ. “ದುಡ್ಡಿನ ವ್ಯವಹಾರ ಎಲ್ಲ ಅವಳದ್ದೇ. ಅವಳು ಹೇಳಿದ ಹಾಗೆ.”

ಅಧಿಕಾರಿ ಮತ್ತೊಮ್ಮೆ ಕೇಳಿದ. ಬೆನೆಡಿಕ್ಟ್ ಮತ್ತೊಮ್ಮೆ ನಕ್ಕ. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ, ಪಾಸ್‌ಪೋರ್ಟ್‌ಗಳನ್ನು ನಮ್ಮ ಕಡೆ ತಳ್ಳಿ, ಸಾರಿ ಭಾಯಿ ಎಂದ. ನನಗೆ ಹೇಳಿದ್ದು.

ಊರಿನಲ್ಲಾಗಿದ್ದರೆ ಬೆನೆಡಿಕ್ಟನ ಕಾಲರಿಗೆ ಕೈ ಹಾಕುತ್ತಿದ್ದೆ. ಕೈ ಎದ್ದದ್ದೂ ನಿಜ. ಅಲ್ಲಿ ಪೊಲೀಸರಿದ್ದಾರೆ ಎಂದು ಇಳಿಸಿದ್ದಲ್ಲ. ಆ ನಗುವಿಗೆ ಹೊಡೆದರೆ ಅದು ಇನ್ನೂ ಅಗಲ ಆಗುತ್ತಿತ್ತು, ಅಷ್ಟೇ. ಡೊರೊತಿಯ ಪಾಸ್‌ಪೋರ್ಟ್ ಮಾತ್ರ ಎತ್ತಿಕೊಂಡೆ. ಬೆನೆಡಿಕ್ಟನದ್ದನ್ನು ಮೇಜಿನ ಮೇಲೆಯೇ ಬಿಟ್ಟೆ.

ವೆಲಿಟಾ ಗಡಿಯಾರ ನೋಡಿ, ಗಾರ್ಡನ್ನಿಗೆ ಇಲ್ಲಿಂದ ಯಾವ ಬಸ್ಸು ಎಂದು ಕೇಳಿದಳು. ನಿಜವಾಗಿ ಕೇಳಿದಳು. ತಮಾಷೆಗೆ ಅಲ್ಲ.

ನಾನು ಬಾಗಿಲು ತಳ್ಳಿಕೊಂಡು ಹೊರಗೆ ಬಂದೆ. ಸಾರ್, ಸಾರ್ ಎಂದು ಸೆಕ್ಯುರಿಟಿಯವನು ಕರೆದ. ವಿಸಿಟರ್ ಬ್ಯಾಡ್ಜು ಕೊರಳಲ್ಲೇ ಇತ್ತು. ಕಿತ್ತು ಅವನ ಮೇಜಿಗೆ ಹಾಕಿ ರಸ್ತೆಗಿಳಿದೆ. ಹಿಂದೆ ಬೆನೆಡಿಕ್ಟ್ ‘ಬಾವ, ಬಾವ’ ಎಂದು ಗಾಜಿನ ಬಾಗಿಲವರೆಗೆ ಬಂದ ಸದ್ದು ಕೇಳಿತು. ಈಗ ಬಾವ. ನಿಲ್ಲಲಿಲ್ಲ. ಯಾವ ನಂಬರಿನ ಬಸ್ಸು ಎಲ್ಲಿಗೆ ಹೋಗುತ್ತದೆ, ಯಾವ ಕಾರ್ಡು ಎಲ್ಲಿ ನಡೆಯುತ್ತದೆ, ಒಂದೂ ಅವರಿಗೆ ಗೊತ್ತಿಲ್ಲ. ಇಷ್ಟು ದಿನ ನನ್ನ ಬೆನ್ನು ನೋಡಿಕೊಂಡು ನಡೆದವರು. ರಸ್ತೆಯಲ್ಲಿ ಟ್ಯಾಕ್ಸಿಗಳು ಸಾಲಾಗಿ ನಿಂತಿದ್ದವು, ದುಡ್ಡು ಕೊಡುವವರಿಗೆ ದುಬೈ ದೂರವಲ್ಲ.

ಬಸ್ ಸ್ಟೇಷನ್ನಿನವರೆಗೆ ನಡೆದೇ ಹೋದೆ. ಬಿಸಿಲು ಇತ್ತು, ತಿಳಿಯಲಿಲ್ಲ. ಅಲ್ಲಿಂದ ಡೊರೊತಿಗೆ ಫೋನ್ ಮಾಡಿ ಆದದ್ದನ್ನೆಲ್ಲ ಹೇಳಿದೆ. ಅವಳು ನಡುವೆ ಒಂದೇ ಒಂದು ಪ್ರಶ್ನೆ ಕೇಳಿದಳು: ಬೆನ್ನಿ ಬಾಯಿ ಬಿಟ್ಟು ಹೇಳಿದನಾ, ಅಥವಾ ಸುಮ್ಮನಿದ್ದನಾ? ಹೇಳಿದ ಎಂದೆ. ಹಾಗಾದರೆ ಅವರ ಪೆಟ್ಟಿಗೆಗಳನ್ನು ಗೇಟಿನ ಹೊರಗೆ ಇಡುತ್ತೇನೆ, ಡಿಂಪಲ್‌ಗೆ ಈಗಲೇ ಏನೂ ಹೇಳುವುದು ಬೇಡ ಎಂದಳು.

ದುಬೈ ಬಸ್ಸಿನ ಬಾಗಿಲು ತೆರೆದಿತ್ತು. ಫೋನು ಬಡಿದುಕೊಳ್ಳುತ್ತಿತ್ತು, ಒಮ್ಮೆ ಬೆನೆಡಿಕ್ಟ್, ಒಮ್ಮೆ ವೆಲಿಟಾ. ಸ್ವಿಚ್ ಆಫ್ ಮಾಡಿ ಹತ್ತಿ ಕುಳಿತೆ. ಡ್ರೈವರ್ ಬಾಗಿಲು ಹಾಕಿದ.